ಹೊಕ್ಕುಳ ಅಭಿಧಮನಿ 7 ಮಿ.ಮೀ.: ಹೆಚ್ಚಾಯಿತೇ?

ಪ್ರಶ್ನೆ (ಗುಂಪಿನ ಸದಸ್ಯೆ, 30ನೇ ವಾರ): ಮಗುವಿನ ಹೊಟ್ಟೆಯೊಳಗಿನ ಅಂಬಿಲಿಕಲ್ ವೇನ್ (ಹೊಕ್ಕುಳ ಅಭಿಧಮನಿ) 7 ಮಿ.ಮೀ. ಇದೆ ಎಂದು ಸ್ಕ್ಯಾನಿಂಗ್ ವರದಿ ಹೇಳುತ್ತಿದೆ. 20ನೇ ವಾರದಲ್ಲಿ 4 ಇತ್ತು. ನಾಳ ಹಿಗ್ಗುತ್ತಿದೆಯೇ? ವೈದ್ಯರನ್ನು ಕಾಣುವುದು ಸೋಮವಾರ, ಅಲ್ಲಿಯವರೆಗೆ ನಿದ್ದೆ ಬರುವಂತಿಲ್ಲ.

ಉತ್ತರ (ಭ್ರೂಣ ವೈದ್ಯಕೀಯ ತಜ್ಞೆ): ಹಿಗ್ಗುತ್ತಿಲ್ಲ, ಬೆಳೆಯುತ್ತಿದೆ. ಮಾಸಿನಿಂದ ಆಮ್ಲಜನಕ ತುಂಬಿದ ರಕ್ತವನ್ನು ಮಗುವಿಗೆ ತರುವ ನಾಳ ಇದೊಂದೇ. ಮಗು ಬೆಳೆದಂತೆ ಇದೂ ಅಗಲವಾಗಬೇಕು. 15ನೇ ವಾರದಲ್ಲಿ ಸುಮಾರು 3 ಮಿ.ಮೀ. ಇರುವುದು ತಿಂಗಳು ತುಂಬುವ ಹೊತ್ತಿಗೆ 8ರ ಆಸುಪಾಸಿಗೆ ಬರುತ್ತದೆ. ನಿಮ್ಮ 7 ಆ ಏರಿಕೆಯ ದಾರಿಯಲ್ಲೇ ಇದೆ. ಗರ್ಭದ ವಾರವನ್ನು ಹೇಳದೆ ಬರೀ ಮಿಲಿಮೀಟರ್ ಹೇಳಿದರೆ ಅದರಿಂದ ಏನೂ ತಿಳಿಯುವುದಿಲ್ಲ.

ಪ್ರಶ್ನೆ (ರೇಡಿಯಾಲಜಿ ವಿದ್ಯಾರ್ಥಿ): ಈ ಸಾಮಾನ್ಯ ಅಳತೆಯನ್ನು ನಿರ್ಧರಿಸುವುದು ಹೇಗೆ? ಒಂದು ಕೋಷ್ಟಕದಲ್ಲಿ ಇರುವುದು ಇನ್ನೊಂದರಲ್ಲಿ ಇರುವುದಿಲ್ಲ.

ಉತ್ತರ: ತೊಂದರೆಯಿಲ್ಲದ ಒಂಟಿ ಗರ್ಭಗಳನ್ನು ಆರಿಸಿ, ಮೊದಲ ತ್ರೈಮಾಸಿಕದ ಸ್ಕ್ಯಾನಿಂಗ್‌ನಿಂದ ವಾರವನ್ನು ಖಚಿತಪಡಿಸಿಕೊಂಡು, ಪ್ರತಿ ವಾರಕ್ಕೂ ಸರಾಸರಿಯನ್ನೂ ಹರವನ್ನೂ ಲೆಕ್ಕ ಹಾಕುತ್ತಾರೆ. ಸಾಮಾನ್ಯವಾಗಿ 5ರಿಂದ 95ನೇ ಪರ್ಸೆಂಟೈಲ್‌ವರೆಗೆ (ನೂರು ಮಕ್ಕಳನ್ನು ಅಳತೆಯ ಕ್ರಮದಲ್ಲಿ ನಿಲ್ಲಿಸಿದಾಗಿನ ಸ್ಥಾನ) ಗೆರೆ ಎಳೆಯುತ್ತಾರೆ. ಹಾಗೆ ಎಳೆದಾಗ ನೂರು ಆರೋಗ್ಯವಂತ ಮಕ್ಕಳಲ್ಲಿ ಹತ್ತು ಮಕ್ಕಳು ಗೆರೆಯ ಆಚೆಗೇ ಬೀಳುತ್ತಾರೆ, ಅದು ರೋಗವಲ್ಲ. ಹೆರಿಗೆಯಾದ ಮೇಲೆ ತೂಕ ಕಡಿಮೆಯಿದ್ದ ಮಕ್ಕಳನ್ನು ಪಟ್ಟಿಯಿಂದ ತೆಗೆದುಹಾಕುವ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ. ಹಾಗೆ ಮಾಡಿದರೆ ಗೆರೆಗಳು ಕೃತಕವಾಗಿ ಹತ್ತಿರವಾಗುತ್ತವೆ.

ಕೋಷ್ಟಕಗಳು ಹೊಂದದಿರಲು ಮುಖ್ಯ ಕಾರಣ ಅಳತೆಯ ಕ್ರಮ. ನಾಳದ ಯಾವ ಭಾಗ, ಗೋಡೆಯ ಒಳಅಂಚೋ ಹೊರಅಂಚೋ, ಕಿರಣ ನಾಳಕ್ಕೆ ಲಂಬವಾಗಿ ಬಿದ್ದಿತ್ತೋ ಓರೆಯಾಗಿತ್ತೋ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಹರಿವನ್ನು ಲೆಕ್ಕ ಹಾಕುವಾಗ ವ್ಯಾಸದ ವರ್ಗ ಬರುವುದರಿಂದ 5 ಮಿ.ಮೀ. ಅನ್ನು 5.5 ಎಂದು ಓದಿದರೆ ಹರಿವು ಶೇ 21ರಷ್ಟು ಉಬ್ಬುತ್ತದೆ. ಅರ್ಧ ಮಿಲಿಮೀಟರ್ ಎಂದರೆ ಅಳೆಯಲು ಪರದೆಯ ಮೇಲೆ ಇಡುವ ಕ್ಯಾಲಿಪರ್ ಚುಕ್ಕಿಯ ಒಂದು ಸಣ್ಣ ಜಾರಿಕೆ ಅಷ್ಟೇ. ಆದ್ದರಿಂದ ಒಮ್ಮೆ ಅಳೆದು ಬಿಡಬೇಡಿ, ಮೂರು ಬಾರಿ ಅಳೆದು ಸರಾಸರಿ ಬರೆಯಿರಿ.

ವಿದ್ಯಾರ್ಥಿ: ಡಕ್ಟಸ್ ವೀನೋಸಸ್‌ಗೂ (ಹೊಕ್ಕುಳ ಅಭಿಧಮನಿಯ ರಕ್ತವನ್ನು ಯಕೃತ್ತು ದಾಟಿಸಿ ಹೃದಯದತ್ತ ಒಯ್ಯುವ ಕಿರುನಾಳ) ಹೀಗೆಯೇ ವ್ಯಾಸದ ಕೋಷ್ಟಕ ನೋಡಬೇಕೇ?

ಉತ್ತರ: ಅದರ ಕಿರಿದಾದ ಕುತ್ತಿಗೆ 2 ಮಿ.ಮೀ. ದಾಟುವುದೇ ಅಪರೂಪ, ಅಲ್ಲಿ ವ್ಯಾಸವನ್ನು ನೆಚ್ಚಿಕೊಳ್ಳುವುದು ಕಷ್ಟ. ಹಾಗಾಗಿ ಡಾಪ್ಲರ್ (ರಕ್ತದ ಹರಿವನ್ನು ತೋರಿಸುವ ಸ್ಕ್ಯಾನಿಂಗ್) ಅಲೆಯನ್ನು ನೋಡುತ್ತೇವೆ. ಹೃತ್ಕರ್ಣ ಸಂಕುಚಿಸುವಾಗಿನ ‘ಎ’ ಅಲೆ ಮುಂದಕ್ಕೇ ಹರಿಯುತ್ತಿರಬೇಕು. ಅದು ಹಿಮ್ಮುಖವಾದರೆ ಹೃದಯದ ಮೇಲಿನ ಒತ್ತಡವನ್ನು ಯೋಚಿಸಬೇಕು.

ಪ್ರಶ್ನೆ (ಮೊದಲ ಸದಸ್ಯೆ): ಹಾಗಾದರೆ ಎಷ್ಟಾದರೆ ಹೆದರಬೇಕು?

ಉತ್ತರ: ಹೊಟ್ಟೆಯೊಳಗೆ, ಯಕೃತ್ತಿನ ಹೊರಗಿರುವ ಭಾಗ 9 ಮಿ.ಮೀ. ಮೀರಿದರೆ, ಅಥವಾ ಯಕೃತ್ತಿನೊಳಗಿನ ಭಾಗಕ್ಕಿಂತ ಒಂದೂವರೆ ಪಟ್ಟು ಅಗಲವಿದ್ದರೆ ಅದನ್ನು ವ್ಯಾರಿಕ್ಸ್ (ನಾಳದ ಅಸಹಜ ಹಿಗ್ಗುವಿಕೆ) ಎನ್ನುತ್ತೇವೆ. ಆಗಲೂ ಬೇರೆ ದೋಷ ಇಲ್ಲದಿದ್ದರೆ ಹೆಚ್ಚಿನ ಮಕ್ಕಳು ಚೆನ್ನಾಗಿಯೇ ಹುಟ್ಟುತ್ತಾರೆ. ಆದರೆ ಇತರ ಅಂಗಗಳನ್ನು ಪೂರ್ತಿ ನೋಡುತ್ತೇವೆ, ರಕ್ತ ಹೆಪ್ಪುಗಟ್ಟಿದೆಯೇ ಎಂದು ಆಗಾಗ ಪರೀಕ್ಷಿಸುತ್ತೇವೆ.

ಸೋಮವಾರ ನಿಮ್ಮ ವೈದ್ಯರನ್ನು ಕೇಳಬೇಕಾದ್ದು ಬೇರೆ: ಮಗುವಿನ ಬೆಳವಣಿಗೆ, ಗರ್ಭಜಲ, ಮಾಸಿನ ಡಾಪ್ಲರ್ ಹೇಗಿವೆ? ಇವು ಸರಿಯಿದ್ದರೆ ಈ 7ರ ಸಲುವಾಗಿ ಮತ್ತೊಂದು ಸ್ಕ್ಯಾನಿಂಗ್ ಬೇಡ. ಮಗುವಿನ ಚಲನೆ ಕಡಿಮೆಯಾದರೆ ಸೋಮವಾರಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ.