ಅಕ್ಕಿ ಕಾಳಿನಷ್ಟು ಪೇಸ್ಟು

ಗುಂಪು: ನಮ್ಮ ಮನೆ ಮಂದಿ

ದೊಡ್ಡಪ್ಪ (ಫಾರ್ವರ್ಡ್): ತಾಯಂದಿರೇ ಎಚ್ಚರ!! ಮಕ್ಕಳ ಪೇಸ್ಟಿನಲ್ಲಿ ಫ್ಲೋರೈಡ್ ಎಂಬ ವಿಷ! 3 ವರ್ಷದವರೆಗೆ ಬ್ರಷ್ ಮುಟ್ಟಿಸಬೇಡಿ. ಬೆರಳಿಗೆ ಜೇನುತುಪ್ಪ ಹಚ್ಚಿ ಉಜ್ಜಿ. 10 ಜನರಿಗೆ ಕಳಿಸಿ 🙏🙏

ದೊಡ್ಡಪ್ಪ: ಪುಟ್ಟೀ, ಇದು ನಿನಗೇ. ಮೊನ್ನೆ ಮಗುವಿಗೆ ಪೇಸ್ಟ್ ಹಾಕುತ್ತಿದ್ದೆಯಲ್ಲ.

ನಾನು: ನೋಡಿದೆ ದೊಡ್ಡಪ್ಪ. ಮೊದಲು ಆ ಜೇನುತುಪ್ಪ. ವರ್ಷ ತುಂಬದ ಕೂಸಿಗೆ ಅದನ್ನು ನೆಕ್ಕಿಸಲೇಬಾರದು. ಬಾಟುಲಿಸಂ ಅಂತ ಕಾಯಿಲೆ, ಅಪರೂಪ, ಆದರೆ ಬಂದರೆ ಉಸಿರಾಟಕ್ಕೇ ಕುತ್ತು. ವರ್ಷ ದಾಟಿದ ಮೇಲೂ ಹಲ್ಲಿಗೆ ಸಕ್ಕರೆ ಬಳಿದ ಹಾಗೇ ಅಲ್ವಾ?

ಅಜ್ಜಿ: ನಿಮಗೆಲ್ಲ ಬೆರಳಲ್ಲೇ ಉಜ್ಜಿದ್ದು. ಬಿದ್ದು ಹೋಗುವ ಹಲ್ಲಿಗೆ ಇಷ್ಟೊಂದು ಉಪಚಾರವೇ?

ಹಾಸನದ ಅತ್ತೆ: ಅಮ್ಮಾ, ನಾನು 4ನೇ ಕ್ಲಾಸಿನಲ್ಲಿ ಕೆನ್ನೆ ಬೋಂಡದ ಥರ ಊದಿಸಿಕೊಂಡು ಪರೀಕ್ಷೆ ತಪ್ಪಿಸಿಕೊಂಡಿದ್ದು ಮರೆತೆಯಾ? ಅದೂ ಹಾಲು ಹಲ್ಲೇ. ರಾತ್ರಿಯೆಲ್ಲ ಲವಂಗ ಕಚ್ಚಿಸಿ ಕೂರಿಸಿದ್ದೆ.

ನಾನು: ಮುಂದಿನವು 6-7 ವರ್ಷಕ್ಕೆ ಬೀಳುತ್ತವೆ ಅಜ್ಜಿ. ದವಡೆಯವು 10-12ರ ತನಕ ಕೆಲಸ ಮಾಡಬೇಕು.

ದೊಡ್ಡಪ್ಪ: ಜೇನು ಬಿಡು. ಫ್ಲೋರೈಡ್ ಬಗ್ಗೆ ಹೇಳು. ಪಾವಗಡದಲ್ಲಿ 11 ವರ್ಷ ಮೇಷ್ಟ್ರಾಗಿದ್ದವನು ನಾನು. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ. ಗ್ರೂಪ್ ಫೋಟೋ ಅಂದರೆ ತುಟಿ ಬಿಗಿ ಹಿಡಿಯುತ್ತಿದ್ದವು. ಫಾರ್ವರ್ಡ್ ನಂಬಿ ಹೇಳುತ್ತಿಲ್ಲ, ಕಣ್ಣಾರೆ ಕಂಡವನು.

ನಾನು: ಅದು ನಿಜ ದೊಡ್ಡಪ್ಪ. ಆದರೆ ಆ ಪಟ್ಟೆ ಬಂದದ್ದು ಬೋರ್‌ವೆಲ್ ನೀರಿನಿಂದ. ನೀವು ಲೆಕ್ಕದ ಮೇಷ್ಟ್ರು, ಲೆಕ್ಕವನ್ನೇ ಹಾಕೋಣ. 3 ವರ್ಷದೊಳಗಿನ ಮಗುವಿಗೆ ಪೇಸ್ಟ್ ಅಕ್ಕಿ ಕಾಳಿನಷ್ಟು, ಸುಮಾರು 0.1 ಗ್ರಾಂ. 1000 ಪಿಪಿಎಂ ಪೇಸ್ಟ್, ಅಂದರೆ ಗ್ರಾಂಗೆ 1 ಮಿಲಿಗ್ರಾಂ ಫ್ಲೋರೈಡ್ ಇರುವುದು ಆದರೆ ಅದರಲ್ಲಿ ಫ್ಲೋರೈಡ್ 0.1 ಮಿಲಿಗ್ರಾಂ. ಎರಡು ಹೊತ್ತೂ ಪೂರ್ತಿ ನುಂಗಿದರೂ 0.2.

ನಾನು: ಕುಡಿಯುವ ನೀರಿಗೆ ಮೇಲ್ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಅಷ್ಟಿರುವ ನೀರು 200 ಎಂಎಲ್ ಲೋಟದಲ್ಲಿ ಒಂದು ಕುಡಿದರೇ 0.3 ಆಯಿತು. ನಿಮ್ಮ ಮಕ್ಕಳು ಅದಕ್ಕೂ ಜಾಸ್ತಿ ಇದ್ದ ನೀರನ್ನು ದಿನವಿಡೀ ಕುಡಿದವರು. ಅನ್ನ, ಸಾರು ಎಲ್ಲ ಅದರಲ್ಲೇ.

ಭಾವ: ಮೇಷ್ಟ್ರು ಲೆಕ್ಕ ತಾಳೆ ನೋಡುತ್ತಿದ್ದಾರೆ, ಯಾರೂ ಮಾತಾಡಬೇಡಿ 😄

ದೊಡ್ಡಪ್ಪ: ಲೆಕ್ಕ ಸರಿ ಇದೆ. ಆದರೆ ಟಿವಿ ಜಾಹೀರಾತಿನಲ್ಲಿ ಬ್ರಷ್ ತುಂಬಾ ಸುರಿಯುತ್ತಾರಲ್ಲ?

ನಾನು: ಅದು ತಪ್ಪೇ. ಟ್ಯೂಬು ನಮ್ಮ ಕೈಯಲ್ಲಿರಬೇಕು. 3 ದಾಟಿದ ಮೇಲೆ ಬಟಾಣಿಯಷ್ಟು, ಉಗುಳುವುದನ್ನೂ ಕಲಿಸಬೇಕು.

ಚಿಂತಾಮಣಿ ಅತ್ತಿಗೆ: ನಮ್ಮದು ಬೋರ್‌ವೆಲ್ ನೀರೇ. ಚೆನ್ನಾಗಿ ಕಾಯಿಸಿ ಕೊಡುತ್ತೇನೆ, ಸಾಕಲ್ವಾ?

ದೊಡ್ಡಪ್ಪ: ಸಾಲದಮ್ಮ. ಕಾಯಿಸಿದರೆ ಫ್ಲೋರೈಡ್ ಹೋಗಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಇನ್ನೂ ಜಾಸ್ತಿ.

ನಾನು: ಅತ್ತಿಗೆ, ನಿಮ್ಮ ಮಟ್ಟಿಗೆ ದೊಡ್ಡಪ್ಪನ ಭಯವೇ ಸರಿ. ನೀರು ಪರೀಕ್ಷೆ ಮಾಡಿಸಿ. ಅಲ್ಲಿ ತನಕ ಕುಡಿಯಲು, ಮಗುವಿನ ರಾಗಿ ಸರಿಗೆ ಶುದ್ಧ ನೀರಿನ ಘಟಕದ ಕ್ಯಾನ್ ತನ್ನಿ. ಪೇಸ್ಟ್ ಎಷ್ಟು ಅಂತ ರಿಪೋರ್ಟ್ ತೋರಿಸಿ ಹಲ್ಲಿನ ಡಾಕ್ಟರ್ ಹತ್ತಿರ ಕೇಳಿ.

ಹಾಸನದ ಅತ್ತೆ: ಇಷ್ಟೆಲ್ಲ ಯಾವಾಗ ಓದಿದೆ ನೀನು?

ನಾನು: ತಪ್ಪು ಮಾಡಿದ ಮೇಲೆ ಅತ್ತೆ. ಬಾಯಲ್ಲಿ ಹಾಲಿನ ಬಾಟಲಿ ಇಟ್ಟೇ ಮಲಗಿಸುತ್ತಿದ್ದೆ. ಮೇಲಿನ ಹಲ್ಲಿನ ಬುಡದಲ್ಲಿ ಸುಣ್ಣದ ಗೆರೆ ಬಂದಿದೆ. ಕೆಳಗಿನವಕ್ಕೆ ನಾಲಿಗೆ, ಜೊಲ್ಲು ಅಡ್ಡ ಇರುತ್ತದಂತೆ, ಮೇಲಿನವಕ್ಕೆ ಇಲ್ಲ. ಹುಳುಕಿನ ಶುರು ಅದು. ಈಗಲೇ ಸರಿಯಾಗಿ ಉಜ್ಜಿದರೆ ಅಲ್ಲಿಗೇ ನಿಲ್ಲಬಹುದು ಅಂದರು ಡಾಕ್ಟರ್.

ಭಾವ: 16 ತಿಂಗಳ ಮಗು ಬಾಯಿ ತೆರೆಯುತ್ತದಾ?

ನಾನು: ತಲೆ ನನ್ನ ತೊಡೆ ಮೇಲೆ, ಕೈ ಎರಡೂ ಅವರಪ್ಪನ ಹತ್ತಿರ. ಕಿರುಚುತ್ತಾಳೆ. ಕಿರುಚುವಾಗ ಬಾಯಿ ತೆರೆದಿರುತ್ತದಲ್ಲ ಭಾವ.

ದೊಡ್ಡಪ್ಪ: ಆ ಫಾರ್ವರ್ಡ್ ಅಳಿಸಿದ್ದೇನೆ. ಜೇನಿನದು ನನಗೆ ಗೊತ್ತಿರಲಿಲ್ಲ.

ಅಜ್ಜಿ: ಅಕ್ಕಿ ಕಾಳು ಅಂದರೆ ಯಾವುದು ಪುಟ್ಟೀ? ಸೋನಾ ಮಸೂರಿಯೋ, ನಮ್ಮ ದಪ್ಪಕ್ಕಿಯೋ?

ನಾನು: ಸೋನಾ ಮಸೂರಿ ಅಜ್ಜಿ. ಬೇಯಿಸುವ ಮುಂಚಿನದು.