ಜನರಲ್ ಶಿಫ್ಟ್ ತೆಗೆದು ಮೂರು ಪಾಳಿ: ಆಡಳಿತ ಮಂಡಳಿ ಎರಡು ದಿನದಲ್ಲಿ ಹೀಗೆ ಮಾಡಬಹುದೇ?

ಪೀಣ್ಯದ ಫಿಟ್ಟರ್

ಮಾನ್ಯರೇ, ನಾನು ಪೀಣ್ಯದ ಬಿಡಿಭಾಗ ತಯಾರಿಕಾ ಕಾರ್ಖಾನೆಯೊಂದರಲ್ಲಿ ಕಾಯಂ ಫಿಟ್ಟರ್. ಸುಮಾರು ನೂರೈವತ್ತು ಮಂದಿ ಕೆಲಸಗಾರರಿರುವ ಇಲ್ಲಿ ಮೊದಲಿನಿಂದಲೂ ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಐದರವರೆಗಿನ ಜನರಲ್ ಶಿಫ್ಟ್ ಒಂದೇ ಇದೆ. ಈ ಶನಿವಾರ ಮನೆಗೆ ಹೊರಡುವ ಹೊತ್ತಿಗೆ, ಸೋಮವಾರದಿಂದ ಮೂರು ಪಾಳಿ ಇರುವುದೆಂದೂ ವಾರಕ್ಕೊಮ್ಮೆ ಪಾಳಿ ಬದಲಾಗುವುದೆಂದೂ ಬರೆದ ಹಾಳೆಯೊಂದನ್ನು ಪಂಚಿಂಗ್ ಯಂತ್ರದ ಪಕ್ಕ ಅಂಟಿಸಿದ್ದರು. ವಿಚಾರಿಸಿದರೆ, ನೇಮಕಾತಿ ಪತ್ರದಲ್ಲಿ ‘ಕಂಪನಿ ಸೂಚಿಸುವ ಯಾವುದೇ ಪಾಳಿಯಲ್ಲಿ ಕೆಲಸ ಮಾಡತಕ್ಕದ್ದು’ ಎಂದಿದೆ, ಆಗದವರು ರಾಜೀನಾಮೆ ಕೊಡಬಹುದು ಎಂಬುದು ಎಚ್‌ಆರ್ ವಿಭಾಗದ ಉತ್ತರ. ನನ್ನ ಪತ್ನಿ ನರ್ಸ್. ಅವಳಿಗೂ ನೈಟ್ ಡ್ಯೂಟಿ ಬಿದ್ದ ವಾರ ಮಕ್ಕಳ ಜೊತೆ ಮನೆಯಲ್ಲಿ ಯಾರೂ ಇರುವುದಿಲ್ಲ. ಆ ಒಂದು ವಾಕ್ಯಕ್ಕೆ ಅಷ್ಟು ಬಲವಿದೆಯೇ?

ಕಾರ್ಮಿಕ ಪ್ರಕರಣಗಳ ವಕೀಲ, ಬೆಂಗಳೂರು

ಇಲ್ಲ. ಈಗಾಗಲೇ ಇರುವ ಪಾಳಿಗಳ ನಡುವೆ ಒಬ್ಬ ಕೆಲಸಗಾರನನ್ನು ಅತ್ತಿಂದಿತ್ತ ಹಾಕುವುದು ಬೇರೆ, ಇಲ್ಲದ ಪಾಳಿ ಪದ್ಧತಿಯನ್ನು ಹೊಸದಾಗಿ ತರುವುದು ಬೇರೆ. ಮೊದಲನೆಯದು ಸಾಮಾನ್ಯವಾಗಿ ಮಾಲೀಕರ ಅಧಿಕಾರದೊಳಗೇ ಇರುತ್ತದೆ. ಎರಡನೆಯದು ಸೇವಾ ಷರತ್ತಿನ ಬದಲಾವಣೆ. ಅದಕ್ಕೆ 1947ರ ಕೈಗಾರಿಕಾ ವಿವಾದ ಕಾಯಿದೆಯ 9ಎ ಕಲಮಿನಂತೆ ಬಾಧಿತರಾಗುವ ಕೆಲಸಗಾರರಿಗೆ 21 ದಿನ ಮುಂಚಿತವಾಗಿ ನೋಟಿಸ್ ಕೊಡಬೇಕಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಅದೇ ನಿಯಮ 40ನೇ ಕಲಮಾಗಿ ಮುಂದುವರಿದಿದೆ, ದಿನಗಳ ಲೆಕ್ಕವೂ ಬದಲಾಗಿಲ್ಲ. ಕೆಲಸದ ವೇಳೆ, ವಿರಾಮದ ಅವಧಿ, ಪಾಳಿಯ ಆರಂಭ ಮತ್ತು ನಿಲುಗಡೆ ಇವೆಲ್ಲವೂ ಅದರ ಅನುಸೂಚಿಯಲ್ಲಿವೆ. ವಾರದ ರಜೆಯನ್ನು ಭಾನುವಾರದಿಂದ ಬೇರೆ ದಿನಕ್ಕೆ ಸರಿಸಿದ್ದ ಟಾಟಾ ಐರನ್ ಅಂಡ್ ಸ್ಟೀಲ್ ಪ್ರಕರಣದಲ್ಲಿಯೂ, ನೋಟಿಸ್ ಕೊಡದೆ ಮಾಡಿದ ಬದಲಾವಣೆ ನಿಲ್ಲುವುದಿಲ್ಲವೆಂದು ಸುಪ್ರೀಂ ಕೋರ್ಟ್ 1972ರಲ್ಲಿ ಹೇಳಿತು. ನೇಮಕಾತಿ ಪತ್ರದ ಒಂದು ಸಾಲಿನಿಂದ ಶಾಸನದ ಈ ಹೊಣೆ ಕಳಚಿಹೋಗುವುದಿಲ್ಲ.

ನಿವೃತ್ತ ಪರ್ಸನಲ್ ಮ್ಯಾನೇಜರ್

ವಕೀಲರ ಮಾತು ಸರಿಯಾದರೂ, ಅದನ್ನು ಓದಿ ಹೆಚ್ಚಿನ ಆಸೆ ಇಟ್ಟುಕೊಳ್ಳಬೇಡಿ. ಕಾನೂನು ಕೇಳುವುದು ನೋಟಿಸನ್ನು, ನಿಮ್ಮ ಒಪ್ಪಿಗೆಯನ್ನಲ್ಲ. ನಾಳೆಯೇ ಅವರು ಸರಿಯಾದ ನೋಟಿಸ್ ಕೊಟ್ಟು ಇಪ್ಪತ್ತೆರಡನೆಯ ದಿನ ಪಾಳಿ ಆರಂಭಿಸಿದರೆ, ಬರೀ ‘ನಮಗೆ ಇಷ್ಟವಿಲ್ಲ’ ಎಂದರೆ ಯಾರೂ ಕೇಳುವುದಿಲ್ಲ. ಇನ್ನೊಂದು ವಿಷಯವೆಂದರೆ, ತುರ್ತು ಪರಿಸ್ಥಿತಿಯಲ್ಲಿ ಕುಂದುಕೊರತೆ ಪರಿಹಾರ ಸಮಿತಿಯೊಡನೆ ಸಮಾಲೋಚಿಸಿ ನೋಟಿಸ್ ಇಲ್ಲದೆಯೇ ಪಾಳಿ ಬದಲಿಸಲು ಹೊಸ ಸಂಹಿತೆ ಅವಕಾಶ ಕೊಟ್ಟಿದೆ. ನಿಮ್ಮ ಆಡಳಿತದವರು ಇದನ್ನೇ ಹಿಡಿದುಕೊಳ್ಳಬಹುದು. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಆ ಸಮಿತಿ ಕಡ್ಡಾಯ. ನಿಮ್ಮಲ್ಲಿ ಅದು ಇದೆಯೇ, ಈ ವಿಷಯಕ್ಕೆ ಸಭೆ ಸೇರಿತ್ತೇ ಎಂದು ಮೊದಲು ನೋಡಿ.

ಪೀಣ್ಯದ ಫಿಟ್ಟರ್

ಅಂಥ ಸಮಿತಿಯ ಹೆಸರನ್ನೇ ನಾವು ಕೇಳಿಲ್ಲ. ಹಾಗಾದರೆ ಸೋಮವಾರ ಯಾರೂ ಹೊಸ ಪಾಳಿಗೆ ಹೋಗದಿದ್ದರೆ ಆಗುತ್ತದೆಯೇ? ಪ್ಯಾಕಿಂಗ್ ವಿಭಾಗದ ಹೆಣ್ಣುಮಕ್ಕಳ ಹೆಸರೂ ರಾತ್ರಿ ಪಾಳಿಯ ಪಟ್ಟಿಯಲ್ಲಿದೆ.

ಕಾರ್ಮಿಕ ಪ್ರಕರಣಗಳ ವಕೀಲ, ಬೆಂಗಳೂರು

ದಯವಿಟ್ಟು ಹಾಗೆ ಮಾಡಬೇಡಿ. ಎಲ್ಲರೂ ಗೈರಾದರೆ ಅದನ್ನು ಅಕ್ರಮ ಮುಷ್ಕರವೆಂದೋ ಅಶಿಸ್ತೆಂದೋ ಕರೆದು ವಿಚಾರಣೆಗೆ ಎಳೆಯುತ್ತಾರೆ, ನೋಟಿಸಿನ ಪ್ರಶ್ನೆ ಅಲ್ಲಿಗೆ ಹಿಂದೆ ಬೀಳುತ್ತದೆ. ಆಕ್ಷೇಪಣೆ ಕಾಯ್ದಿರಿಸಿ ಕೆಲಸಕ್ಕೆ ಬಂದಿದ್ದೇವೆಂದು ಎಲ್ಲರೂ ಸಹಿ ಮಾಡಿದ ಪತ್ರವನ್ನು ಕೊಟ್ಟು, ಅದರ ಪ್ರತಿಗೆ ಸ್ವೀಕೃತಿ ಪಡೆಯಿರಿ. ಸೀಲು ಹಾಕಲು ಒಪ್ಪದಿದ್ದರೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿ. ಆ ಹಾಳೆ ಕಿತ್ತುಹೋಗುವ ಮೊದಲೇ ದಿನಾಂಕ ಕಾಣುವಂತೆ ಫೋಟೋ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಬಳಿಕ ನಿಮ್ಮ ಸಂಘದ ಮೂಲಕ ಕಾರ್ಮಿಕ ಅಧಿಕಾರಿಯ ಮುಂದೆ ವಿವಾದ ಎತ್ತಿ. ಯಾರ ವ್ಯಾಪ್ತಿಗೆ ಬರುತ್ತದೆಂದು ತಿಳಿಯದಿದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಬಹುದು. ಸಂಧಾನ ಪ್ರಕ್ರಿಯೆ ನಡೆಯುತ್ತಿರುವಾಗ, ವಿವಾದಕ್ಕೆ ಸಂಬಂಧಪಟ್ಟ ಷರತ್ತುಗಳನ್ನು ಕೆಲಸಗಾರರಿಗೆ ಹಾನಿಯಾಗುವಂತೆ ಬದಲಿಸುವುದಕ್ಕೆ ನಿರ್ಬಂಧವಿದೆ. ಮ್ಯಾನೇಜರ್ ಸಾಹೇಬರು ಹೇಳಿದ ಇಪ್ಪತ್ತೆರಡನೆಯ ದಿನ ಬರುವ ಮೊದಲೇ ವಿವಾದ ಎತ್ತಬೇಕೆನ್ನುವುದು ಈ ಕಾರಣಕ್ಕೆ.

ಹೆಣ್ಣುಮಕ್ಕಳ ವಿಷಯದಲ್ಲಿ ಮಾತ್ರ ನೋಟಿಸ್ ಸಾಲದು. ಸಂಜೆ ಏಳರ ನಂತರ, ಬೆಳಿಗ್ಗೆ ಆರರ ಮೊದಲು ದುಡಿಸಲು ಅವರ ಒಪ್ಪಿಗೆಯೇ ಬೇಕು. ಅದರ ಮೇಲೆ ಸುರಕ್ಷತೆಯ ಷರತ್ತುಗಳೂ ಇವೆ. ಒಪ್ಪಿಗೆ ಕೊಡದವರು ಅದನ್ನು ಪ್ರತ್ಯೇಕ ಪತ್ರದಲ್ಲಿ ತಿಳಿಸಲಿ, ನಿಮ್ಮ ಸಾಮೂಹಿಕ ಪತ್ರದೊಳಗೆ ಸೇರಿಸಬೇಡಿ.