ಔಟ್‌ಸೈಡರ್: ಹೊರಗಿನವನೋ, ಸಲ್ಲದವನೋ?

ಚಿತ್ರೋತ್ಸವದ ಕೈಪಿಡಿಗೆ ಒಂದು ಸಾಲು ಬೇಕಿದೆ. ಇಂಗ್ಲಿಷ್ ಮೂಲದಲ್ಲಿರುವುದು ಮೂರು ಮಾತು: ಕ್ವರ್ಕಿ (ಕೊಂಚ ವಿಚಿತ್ರವಾದ) ಇಂಡಿ (ಸ್ವತಂತ್ರವಾಗಿ ತೆಗೆದ) ಡ್ರಾಮಾ, ಟ್ರಬಲ್ಡ್, ಔಟ್‌ಸೈಡರ್. ಕನ್ನಡದ ಕರಡು ಹೀಗಿದೆ: 'ತೊಂದರೆಗೊಳಗಾದ ಹೊರಗಿನವನೊಬ್ಬನ ವಿಲಕ್ಷಣ ಸ್ವತಂತ್ರ ಚಿತ್ರ'. ಓದಿದರೆ ನೆರೆ ಸಂತ್ರಸ್ತನ ಕಥೆ ಅನ್ನಿಸುತ್ತದೆ.

'ಹೊರಗಿನವ' ನಿಘಂಟಿನ ಪ್ರಕಾರ ತಪ್ಪಲ್ಲ. ಆದರೆ ಬೆಂಗಳೂರಿನಲ್ಲಿ ಇವತ್ತು ಹೊರಗಿನವರು ಅಂದರೆ ಬೇರೆ ರಾಜ್ಯದಿಂದ ಬಂದವರು. ನಾಯಕ ಬಸವನಗುಡಿಯಲ್ಲೇ ಹುಟ್ಟಿ ಬೆಳೆದವನಾದರೂ, ಅವನಿಗೆ ಕನ್ನಡ ಬರುತ್ತದೋ ಇಲ್ಲವೋ ಎಂದು ಓದುವವರು ಯೋಚಿಸತೊಡಗುತ್ತಾರೆ. 'ಹೊರಗಾದವ' ಎಂದು ತಿದ್ದಿದರೆ ಗಂಡಸಿಗೆ ನಡೆದೀತು, ಹೆಣ್ಣು ಪಾತ್ರಕ್ಕೆ ಕೂಡದು: ಹಳೇ ಮೈಸೂರು ಕಡೆ ಹೊರಗಾಗುವುದೆಂದರೆ ಮುಟ್ಟಾಗುವುದು. 'ಪರದೇಶಿ' ದಿಕ್ಕಿಲ್ಲದವನಿಗೆ ಹಾಕುವ ಬೈಗುಳ. 'ಪರಕೀಯ' ಅಂದರೆ ಇತಿಹಾಸದ ಪಾಠದ ಬ್ರಿಟಿಷರು.

ನನ್ನ ಒಲವು 'ಎಲ್ಲೂ ಸಲ್ಲದವ' ಕಡೆಗೆ. ಸಲ್ಲು ಎನ್ನುವುದು ನಾಣ್ಯಕ್ಕೂ ಹೇಳುವ ಮಾತು, ಚಲಾವಣೆಯಲ್ಲಿರುವುದು ಎಂದರ್ಥ. ಬಸವಣ್ಣನವರು ಮರ್ತ್ಯಲೋಕವನ್ನು ಕರ್ತಾರನ ಕಮ್ಮಟ ಎಂದು ಕರೆದು, 'ಇಲ್ಲಿ ಸಲ್ಲದವರು ಅಲ್ಲಿಯೂ ಸಲ್ಲರಯ್ಯಾ' ಎನ್ನುವಾಗ ಟಂಕಸಾಲೆಯ ಈ ಅರ್ಥವೇ ಒಳಗಿದೆ. ಜೇಬಿನಲ್ಲಿದ್ದೂ ಅಂಗಡಿಯವನು ಮುಟ್ಟದ ನಾಣ್ಯ. ನಮ್ಮ ನಾಯಕನ ಪಾಡೂ ಅದೇ. ಜಾಗ ಉಳಿಸಲೆಂದು 'ಎಲ್ಲೂ' ಮಾತ್ರ ಕತ್ತರಿಸಬೇಡಿ. ಬರೀ 'ಸಲ್ಲದ' ಅಂದರೆ ಅನುಚಿತ: ಸಲ್ಲದ ಮಾತು, ಸಲ್ಲದ ಸಂಬಂಧ.

ಟ್ರಬಲ್ಡ್‌ಗೆ 'ನೆಮ್ಮದಿಗೆಟ್ಟ' ಸಾಕು. ದಿಕ್ಕೆಟ್ಟ, ನಿದ್ದೆಗೆಟ್ಟ ಇರುವ ಸಾಲಿನಲ್ಲೇ ಕೂರುತ್ತದೆ, ಕೇಡು ಒಳಗಿನದು ಎಂಬುದೂ ತಿಳಿಯುತ್ತದೆ. 'ತೊಂದರೆಗೊಳಗಾದ' ಅಂದರೆ ತೊಂದರೆ ಹೊರಗಿನಿಂದ ಬಂದದ್ದು.

'ವಿಲಕ್ಷಣ' ಪತ್ರಿಕೆಯ ಅಪರಾಧ ಪುಟದ ಪದ. 'ತಿಕ್ಕಲು' ಚೆನ್ನಾಗಿದೆ, ಆದರೆ 'ತಿಕ್ಕಲು ಸಿನಿಮಾ' ಅಂದರೆ ಕೆಟ್ಟ ಸಿನಿಮಾ. ಅದನ್ನು ಧಾಟಿಗೆ ಅಂಟಿಸಿದರೆ ಸರಿಹೋಗುತ್ತದೆ: 'ನೆಮ್ಮದಿಗೆಟ್ಟ, ಎಲ್ಲೂ ಸಲ್ಲದ ಒಬ್ಬನ ಕಥೆ, ಹೇಳುವ ಧಾಟಿ ಕೊಂಚ ತಿಕ್ಕಲು.' 'ಇಂಡಿ' ಎಂಬ ಪದವನ್ನು ಹಾಗೇ ಬಿಡಬಹುದು. 'ಕಲಾತ್ಮಕ' ಅಂದರೆ ಎಪ್ಪತ್ತರ ದಶಕದ ನೆನಪಾಗುತ್ತದೆ.

ಸಬ್‌ಟೈಟಲ್ ಬೇರೆ ಲೆಕ್ಕ. ಮನೆ ಓನರ್ ಬಾಡಿಗೆಯವನ ಬಗ್ಗೆ ಆಡುವ ಮಾತು ಪರದೆಯ ಮೇಲೆ ಎರಡು ಸೆಕೆಂಡ್ ನಿಂತರೆ ಹೆಚ್ಚು. ಅಲ್ಲಿ 'ಅವ್ನು ಒಂಥರಾ. ಯಾರ್ ಜೊತೇನೂ ಸೇರಲ್ಲ' ಅಂದರೆ ಮುಗಿಯಿತು. ಕ್ವರ್ಕಿ, ಔಟ್‌ಸೈಡರ್ ಎರಡೂ 'ಒಂಥರಾ'ದಲ್ಲೇ ಬಂದವು. ಔಟ್‌ಸೈಡರ್ ಎಂದೇ ಇಡುವುದಾದರೆ ಟ್ ಆದಮೇಲೆ ಜೋಡಣೆ ತಡೆಯುವ ಕಾಣದ ಅಕ್ಷರ, ಯೂನಿಕೋಡ್ 200ಸಿ, ಹಾಕಲೇಬೇಕು. ಇಲ್ಲದಿದ್ದರೆ 'ಔಟ್ಸೈಡರ್' ಎಂದು ಒತ್ತು ಕೆಳಗಿಳಿದು, ಎರಡು ಸಾಲಿನ ಸಬ್‌ಟೈಟಲ್‌ನಲ್ಲಿ ಕೆಳಸಾಲಿನ ಗುಡಿಸಿಗೆ (ಅಕ್ಷರದ ಮೇಲಿನ ಇಕಾರದ ಗುರುತಿಗೆ) ತಾಗುತ್ತದೆ. ಕಡತ ಬದಲಿಸುವಾಗ ಆ ಅಕ್ಷರ ಉದುರಿಹೋಗುವುದೂ ಉಂಟು, ಕೊನೆಯ ಪ್ರತಿಯಲ್ಲಿ ಹುಡುಕಿ ನೋಡಿ.

ಉಳಿದದ್ದು ಹೆಣ್ಣು ಪಾತ್ರ. 'ಎಲ್ಲೂ ಸಲ್ಲದವಳು' ಅಂದಾಗಲೂ ಆ ಅನುಚಿತದ ನೆರಳು ಬೀಳುತ್ತದೆಯೇ? 'ಯಾರಿಗೂ ಒಗ್ಗದವಳು' ವಾಸಿಯೇ? ಉತ್ತರ ಕರ್ನಾಟಕದವರ ಕಿವಿಗೆ ಇವೆರಡು ಹೇಗೆ ಕೇಳಿಸುತ್ತವೆ, ತಿಳಿಸಿ.